ಕೂಗಿದ್ದೇ ಅಂಕಿ

ಆ ಕಟ್ಟಡದಲ್ಲಿ ಅಳಿಯಂದಿರು ಎಂದರೆ ಒಬ್ಬರೇ. ಉಳಿದ ಮನೆಗಳಿಗೆ ಅಳಿಯಂದಿರು ಇರಲಿಲ್ಲವೆಂದಲ್ಲ, ಅವರೆಲ್ಲ ಬಂದು ಉಂಡು ಹೋಗುವವರು. ಇವರು ಮಾತ್ರ ಮದುವೆಯಾದ ಹೊಸದರಲ್ಲಿ ಅತ್ತೆಯ ಮನೆಗೆ ಬಂದು, ಹೊರಡುವಾಗ ಕೊಡೆ ಮರೆತು, ಅದನ್ನು ತೆಗೆದುಕೊಂಡು ಹೋಗಲೆಂದು ವಾಪಸು ಬಂದವರು ಮತ್ತೆ ಹೊರಡಲೇ ಇಲ್ಲ. ಹೀಗಾಗಿ ನೆಲಮಹಡಿಯ ಗಡಿಯಾರ ರಿಪೇರಿಯವರಿಂದ ಹಿಡಿದು ಮೇಲಿನ ಮಹಡಿಯ ಟೀಚರಮ್ಮನವರೆಗೆ ಎಲ್ಲರ ಬಾಯಲ್ಲೂ ಅವರು ಅಳಿಯಂದಿರೇ ಆದರು. ಹಾಲು ತರುವವನೂ ಬಾಗಿಲಲ್ಲಿ ನಿಂತು, "ಅಳಿಯಂದ್ರೇ, ಪಾತ್ರೆ ತನ್ನಿ" ಎನ್ನುತ್ತಿದ್ದ.

ಅಳಿಯಂದಿರ ಕೆಲಸ ಸಿಟಿ ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನುಗಳ ಕಚೇರಿಯಲ್ಲಿ. ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಒಂದು ಹಲ್ಲಿನ ಸೆಟ್ಟು, ಎಲ್ಲವನ್ನೂ ಕಾಪಾಡಿ ವಾರಸುದಾರರಿಗೆ ಒಪ್ಪಿಸುವುದು. ಆ ಕಚೇರಿಯಿಂದ ಅತಿ ಹೆಚ್ಚು ಸಾಮಾನು ಬಿಡಿಸಿಕೊಂಡವರು ಯಾರು ಎಂದು ವಿಚಾರಿಸಿದರೆ ಅಳಿಯಂದಿರ ಹೆಸರೇ ಬರುತ್ತಿತ್ತು. ತಮ್ಮದೇ ಡಬ್ಬಿಯನ್ನು ತಮಗೇ ಕೊಡುವ ಮುಂಚೆ ಒಳಗೆ ಏನಿತ್ತು ಹೇಳಿ ಎಂದು ತಮ್ಮನ್ನೇ ಕೇಳಿಕೊಳ್ಳುವಷ್ಟು ನಿಯತ್ತಿನ ಮನುಷ್ಯ. ನೆನಪಾಗದಿದ್ದರೆ ಕೊಡುತ್ತಿರಲಿಲ್ಲ.

ಇಂಥವರು ಒಂದು ಸುಳ್ಳು ಹೇಳಿದರು. ಅದು ಇಲಾಖೆಯವರೆಗೂ ಹೋಯಿತು. ಅದನ್ನು ಹೇಳುವ ಮುಂಚೆ ಆ ಮನೆಯ ತಂಬೋಲದ ವಿಷಯ ಸ್ವಲ್ಪ ಹೇಳಬೇಕು.

ಅಳಿಯಂದಿರ ಮಾವನವರು ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವರು. ಒಂದು ಸಲ ಮಿಕ್ಕ ಬಣ್ಣ ಚೆಲ್ಲಲು ಮನಸ್ಸು ಬಾರದೆ, ಹಲಗೆಯ ಚೂರುಗಳನ್ನು ದುಂಡಗೆ ಕತ್ತರಿಸಿ, ಒಂದರಿಂದ ತೊಂಬತ್ತರವರೆಗೆ ಅಂಕಿ ಬರೆದು ಬಿಲ್ಲೆ ಮಾಡಿದರು. ಆದರೂ ಬಣ್ಣ ಉಳಿಯಿತು. ತಗಡಿನ ತುಂಡುಗಳ ಮೇಲೆ ಮನೆಗೊಂದರಂತೆ ತಂಬೋಲದ ಟಿಕೆಟ್ಟು ಬರೆದು ಹಂಚಿದರು. ಬೇರೆ ಕಡೆ ಟಿಕೆಟ್ಟು ಕಾಗದದ್ದು, ಆಟ ಮುಗಿದರೆ ಕಸದ ಬುಟ್ಟಿಗೆ. ಇಲ್ಲಿ ತಗಡಿನದು, ಒಮ್ಮೆ ಬಂದದ್ದು ಆ ಮನೆಗೇ ಖಾಯಂ. ವಾರವಿಡೀ ಅಡುಗೆಮನೆಯ ಮೊಳೆಗೆ ನೇತಾಡುತ್ತಿದ್ದ ತಗಡನ್ನು ಭಾನುವಾರ ಸಂಜೆ ಇಳಿಸಿ, ಅಂಗಿ ಗುಂಡಿಗಳ ಡಬ್ಬಿ ಹಿಡಿದು ಎಲ್ಲರೂ ಅತ್ತೆಯ ಹಜಾರದಲ್ಲಿ ಸೇರುತ್ತಿದ್ದರು. ಅತ್ತೆ ಬಟ್ಟೆಯ ಚೀಲದಿಂದ ಬಿಲ್ಲೆ ತೆಗೆದು ಅಂಕಿ ಕೂಗುವುದು. ಅದು ಯಾರ ತಗಡಿನಲ್ಲಿದೆಯೋ ಅವರು ಅದರ ಮೇಲೊಂದು ಗುಂಡಿ ಇಡುವುದು. ಮೊದಲು ತಗಡು ತುಂಬಿಸಿದವರು "ಮನೆ ತುಂಬಿತು" ಎಂದು ಕೂಗಿದರೆ ಗೆದ್ದ ಹಾಗೆ.

ಮೊದಲೆಲ್ಲ ಬಹುಮಾನ ಒಂದು ಮೈಸೋಪು. ಮಾವನವರು ಹೋದ ಮೇಲೆ ನಡೆದ ಮೊದಲ ಆಟದ ದಿನ ಅತ್ತೆ, "ಸೋಪು ಬೇಡ. ಗೆದ್ದವರ ಮನೇಲಿ ಒಂದು ವಾರ ಇವರ ಕುರ್ಚಿ ಇರಲಿ" ಎಂದರು. ಮಾವನವರ ಬೆತ್ತದ ಕುರ್ಚಿ ಅದು. ಕೂತಾಗ ಒಮ್ಮೆ ಕಿರ್ ಎನ್ನುತ್ತಿತ್ತು, ಹಿಂದಕ್ಕೆ ಒರಗಿದಾಗ ಇನ್ನೊಮ್ಮೆ. ಅದನ್ನು ಯಾಕೆ ಮನೆಮನೆ ತಿರುಗಿಸುತ್ತೀರಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಂದಿನಿಂದ ಕುರ್ಚಿ ಮೆಟ್ಟಿಲು ಹತ್ತುವುದು, ಇಳಿಯುವುದು ನಡೆದೇ ಇತ್ತು.

ಆಮೇಲೆ ಅತ್ತೆಯ ಕಣ್ಣು ಹೋಯಿತು. ಪೂರ್ತಿ ಅಲ್ಲ. ಆಪರೇಷನ್ನೂ ಆಯಿತು, ಉಳಿದಷ್ಟು ಉಳಿದಿದೆ ಎಂದರು ಡಾಕ್ಟರು. ಅತ್ತೆ ಮಾತ್ರ "ನಂಗೆ ಚೆನ್ನಾಗೇ ಕಾಣುತ್ತೆ" ಎಂದು ಸಾಧಿಸುತ್ತಿದ್ದರು. ಗೂಟಕ್ಕೆ ನೇತುಹಾಕಿದ ಕೋಟಿಗೆ "ಬನ್ನಿ, ಯಾಕೆ ನಿಂತಿದ್ದೀರಿ" ಎಂದು ಉಪಚಾರ ಮಾಡಿದ್ದನ್ನು ಮನೆಯವರೆಲ್ಲ ನೋಡಿಯೂ ನೋಡದಂತೆ ಇದ್ದರು.

ಒಂದು ಭಾನುವಾರ ಅತ್ತೆ ಎಂಟರ ಬಿಲ್ಲೆ ಹಿಡಿದು "ಎಪ್ಪತ್ಮೂರು" ಎಂದು ಕೂಗಿದರು. ಆಯುಷ್ಯವೆಲ್ಲ ತಪ್ಪು ತಿದ್ದಿಯೇ ನಿವೃತ್ತರಾದ ಟೀಚರಮ್ಮ ಬಾಯಿ ತೆರೆದರು. ಅಳಿಯಂದಿರು ಅವರ ಕಾಲು ತುಳಿದರು. ಟೀಚರಮ್ಮ "ಅಯ್ಯೋ" ಎಂದು ಬಾಯಿ ಮುಚ್ಚಿದರು. ಆಟ ಮುಗಿದ ಮೇಲೆ ಮೆಟ್ಟಿಲ ಮೇಲೆ ಒಂದು ಗುಪ್ತಸಭೆ ಸೇರಿತು.

"ಕೂಗೋದೊಂದೇ ಅವರಿಗೆ ಉಳಿದಿರೋದು. ಅದನ್ನೂ ಕಿತ್ಕೊಂಡ್ರೆ ಅವರು ಮಲಗಿಬಿಡ್ತಾರೆ" ಎಂದರು ಅಳಿಯಂದಿರು.

"ಹಂಗಾದ್ರೆ ಅವರು ಏನು ಕೂಗ್ತಾರೋ ಅದೇ ಅಂಕಿ" ಎಂದು ಪಕ್ಕದ ಮನೆಯ ಬಸ್ ಕಂಡಕ್ಟರ್ ತೀರ್ಪು ಕೊಟ್ಟ. "ಅವರಿಗೆ ಮಾತ್ರ ಗೊತ್ತಾಗಬಾರದು" ಎಂದರು ಗಡಿಯಾರದವರು. ಟೀಚರಮ್ಮ ಕಾಲುಬೆರಳು ನೀವಿಕೊಳ್ಳುತ್ತಲೇ ಕೈ ಎತ್ತಿ ಒಪ್ಪಿದರು.

ಆಟ ಸುಸೂತ್ರವಾಗಿ ನಡೆಯಿತು. ಒಂದೊಂದು ಸಲ ಅತ್ತೆ ಬಿಲ್ಲೆಯ ಹಿಂಬದಿಯನ್ನು ದಿಟ್ಟಿಸಿ ನೋಡಿಯೂ ಅಂಕಿ ಹೇಳುತ್ತಿದ್ದರು. ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗಡಿಯಾರದವರ ಅಂಗಡಿಯ ಎದುರಿಗೇ ಇನ್ನೊಂದು ಗಡಿಯಾರದ ಅಂಗಡಿ ಬಾಗಿಲು ತೆರೆದ ವಾರ ಕುರ್ಚಿ ಅವರ ಮನೆಗೆ ಹೋಯಿತು. ಟೀಚರಮ್ಮನ ಬೆಕ್ಕು ಮನೆ ಬಿಟ್ಟು ಹೋದ ವಾರ ಕುರ್ಚಿ ಮೇಲಿನ ಮಹಡಿ ಹತ್ತಿತು. ಕಂಡಕ್ಟರನನ್ನು ಕೆಲಸದಿಂದ ತೆಗೆದು ತಾತ್ಕಾಲಿಕವಾಗಿ ಮನೆಯಲ್ಲಿ ಕೂರಿಸಿದಾಗ, ಕೂರಲು ಅವನಿಗೆ ಕುರ್ಚಿಯೂ ಸಿಕ್ಕಿತು. ಅಳಿಯಂದಿರು ಮಾತ್ರ ಒಮ್ಮೆಯೂ ಗೆಲ್ಲಲಿಲ್ಲ. ಅವರ ತಗಡಿನ ಮೇಲೆ ಗುಂಡಿಗಿಂತ ಸೊಳ್ಳೆ ಕೂತದ್ದೇ ಹೆಚ್ಚು.

ಹೀಗಿರುವಾಗ ಅವರ ಹೆಂಡತಿಯ ಅಣ್ಣ ಬಂದರು. ಭಾವನವರಿಗೆ ದೊಡ್ಡ ಕಂಪನಿಯಲ್ಲಿ ದೊಡ್ಡ ಕೆಲಸ. ಏನು ಕೆಲಸ ಎಂದು ಕೇಳಿದರೆ ಅದನ್ನು ಇನ್ನೂ ದೊಡ್ಡದಾಗಿ ಹೇಳುತ್ತಿದ್ದರು. ಬರುವಾಗ ತಾಯಿಗೆಂದು ಒಂದು ಯಂತ್ರ ತಂದಿದ್ದರು. ಬಟನ್ ಒತ್ತಿದರೆ ಅದರೊಳಗಿಂದ ಒಬ್ಬ ಹೆಂಗಸು, ರೈಲು ತಡವಾಗಿದೆ ಎಂದು ತಿಳಿಸುವ ದನಿಯಲ್ಲಿ, "ನಲವತ್ತೆರಡು" ಎನ್ನುತ್ತಿದ್ದಳು.

"ಅಮ್ಮಾ, ನಿಂಗ್ಯಾಕೆ ಈ ತಾಪತ್ರಯ. ಇನ್ಮೇಲೆ ಇದೇ ಕೂಗುತ್ತೆ. ನೀನು ಆರಾಮಾಗಿ ಒಳಗೆ ಮಲಗು" ಎಂದರು ಭಾವ.

ಅತ್ತೆ ಚೀಲವನ್ನು ಮಡಿಲಿಗೆ ಎಳೆದುಕೊಂಡು, "ಇದೊಂದು ಆಟ ನಾನು ಕೂಗ್ತೀನಪ್ಪ. ಮಲಗೋದು ಆಮೇಲೆ ಇದ್ದೇ ಇದೆ" ಎಂದರು. ಬಿಲ್ಲೆ ತೆಗೆದು, ಕನ್ನಡಕದ ಹತ್ತಿರ ಹಿಡಿದು, "ಅರವತ್ತೊಂದು" ಎಂದರು.

ಭಾವ ಬಗ್ಗಿ ನೋಡಿದರು. "ಅಮ್ಮಾ, ಅದು ಹದಿನಾಲ್ಕು."

ಅತ್ತೆಯ ಕೈ ಹಾಗೇ ನಿಂತಿತು. ಬೆರಳುಗಳು ಬಿಲ್ಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ಅಳಿಯಂದಿರಿಗೆ ಕಾಣಿಸಿತು. ಅಳಿಯಂದಿರು ಯೋಚನೆ ಮಾಡಿ ಮಾತಾಡುವವರೇನಲ್ಲ. ಅವತ್ತಂತೂ ಯೋಚನೆಗೂ ಮಾತಿಗೂ ಭೇಟಿಯೇ ಆಗಲಿಲ್ಲ.

"ಹದಿನಾಲ್ಕೇ. ಯಾರು ಇಲ್ಲ ಅಂದ್ರು? ಆದ್ರೆ ಆಟದ ಲೆಕ್ಕಕ್ಕೆ ಅರವತ್ತೊಂದು" ಎಂದರು.

"ಅಂದ್ರೆ?"

"ಅಂದ್ರೆ ಭಾವ, ಇದು ಮೂಲ ತಂಬೋಲ. ನೀವೆಲ್ಲ ಆಡೋದು ಆಮೇಲೆ ಕೆಟ್ಟುಹೋಗಿದ್ದು. ಇದು ಹಡಗಿನಲ್ಲಿ ಹುಟ್ಟಿದ ಆಟ. ಸಮುದ್ರದ ಮೇಲೆ ಬಣ್ಣ ಎಲ್ಲಿ ಸಿಗುತ್ತೆ? ಬಿಲ್ಲೆ ಮೇಲೆ ಏನೂ ಬರೆದಿರ್ತಿರಲಿಲ್ಲ. ಕೂಗೋರು ಬಿಲ್ಲೆ ಹಿಡಿದು ಮನಸ್ಸಿಗೆ ಬಂದಿದ್ದು ಕೂಗೋರು. ಕೂಗಿದ್ದೇ ಅಂಕಿ. ಕಾಲ ಕಳೆದ ಹಾಗೆ ಕೂಗೋರ ಮೇಲೆ ನಂಬಿಕೆ ಇಲ್ಲದ ಜನ ಬಂದ್ರು, ಬರೆಯೋದು ಶುರುವಾಯ್ತು."

"ಮತ್ತೆ ಇಲ್ಲಿ ಬಿಲ್ಲೆ ಮೇಲೆ ಅಂಕಿ ಯಾಕಿದೆ?"

"ಅದು ಅಲಂಕಾರಕ್ಕೆ" ಎಂದರು ಅಳಿಯಂದಿರು.

ಭಾವ ಟೀಚರಮ್ಮನ ಮುಖ ನೋಡಿದರು. ಟೀಚರಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ, "ಹೌದು, ಪಾಠದಲ್ಲಿತ್ತು. ಆಮೇಲೆ ತೆಗೆದುಹಾಕಿದ್ರು" ಎಂದು ಸುಳ್ಳು ಹೇಳಿದರು. ಅವರ ಕಿವಿ ಕೆಂಪಾಯಿತು.

ಭಾವ ಜಗಳಕ್ಕೆ ಬರಬಹುದೆಂದು ಎಲ್ಲರೂ ಕಾದರು. ಆದರೆ ಅವರು ನಿಧಾನವಾಗಿ ಯಂತ್ರವನ್ನು ಪೆಟ್ಟಿಗೆಗೆ ತುಂಬಿದರು. ತಮ್ಮ ಮನೆಯಲ್ಲಿ, ಬೇರೆ ಯಾರ ಮನೆಯಲ್ಲೂ ಇಲ್ಲದ ಒಂದು ಮೂಲ ವಸ್ತು ಇದೆ ಎಂಬ ಸುದ್ದಿ ಅವರ ತಲೆಗೆ ಇಳಿಯುತ್ತಿತ್ತು. ಮಾರನೆಯ ದಿನವೇ ಅವರು ಅದನ್ನು ಕಂಡಕಂಡವರಿಗೆಲ್ಲ ಹೇಳಿದರು. ಕಂಡವರಲ್ಲಿ ಒಬ್ಬರು ಸಂಸ್ಕೃತಿ ಇಲಾಖೆಯ ಅಧಿಕಾರಿ.

ಅಧಿಕಾರಿ ಒಂದು ಮಧ್ಯಾಹ್ನ ಫೈಲು ಹಿಡಿದು ಬಂದೇಬಿಟ್ಟರು. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕೂತುಕೊಳ್ಳಿ ಎಂದರೂ ಕುರ್ಚಿಯ ತುದಿಯಲ್ಲೇ ಕೂರುವ ಸ್ವಭಾವ. ಕಟ್ಟಡದವರೆಲ್ಲ ಕೆಲಸ ಬಿಟ್ಟು ಹಜಾರದಲ್ಲಿ ನೆರೆದರು.

"ನಾನು ಓದಿರೋ ಪ್ರಕಾರ ಇದು ಎಲ್ಲೋ ಒಂದು ದೇಶದಲ್ಲಿ ಸರ್ಕಾರದ ಲಾಟರಿಯಾಗಿ ಶುರುವಾಯ್ತು" ಎಂದರು ಅಧಿಕಾರಿ ಸಂಕೋಚದಿಂದ. "ಆಮೇಲೆ ಇನ್ನೊಂದು ದೇಶದ ಶ್ರೀಮಂತರು ಟಿಕೆಟ್ಟು ಮಾಡ್ಕೊಂಡು ಮನೇಲಿ ಆಡಿದ್ರು. ಮತ್ತೊಂದು ಕಡೆ ಮಕ್ಕಳಿಗೆ ಲೆಕ್ಕ ಕಲಿಸೋಕೆ ಬಳಸಿದ್ರು. ಕೊನೆಗೆ ಸಂತೆ, ಕ್ಲಬ್ಬು ಎಲ್ಲಾ ಕಡೆ ಹಬ್ಬಿತು. ನಿಮ್ಮದು ಇವಕ್ಕೆಲ್ಲ ಮುಂಚಿನದು ಅಂತ ಕೇಳಿದೆ."

"ಬಹಳ ಮುಂಚಿನದು. ಅರಮನೆಯಲ್ಲಿ ಹುಟ್ಟಿದ್ದು" ಎಂದರು ಅಳಿಯಂದಿರು. ತಮ್ಮ ಡಬ್ಬಿಯಲ್ಲಿ ಏನಿತ್ತೆಂದು ನೆನಪಿಲ್ಲದವರಿಗೆ ತಮ್ಮ ಸುಳ್ಳು ನೆನಪಿರುವುದೆಲ್ಲಿ.

"ಹಡಗು ಅಂದಿದ್ರಲ್ಲ" ಎಂದರು ಭಾವ.

"ಹಡಗೇ. ರಾಜರ ಹಡಗು" ಎಂದು ಕಂಡಕ್ಟರ್ ನಡುವೆ ಬಾಯಿ ಹಾಕಿದ. "ರಾಣಿಗೆ ಹೊತ್ತು ಹೋಗ್ತಿರಲಿಲ್ಲ" ಎಂದು ಗಡಿಯಾರದವರು ಸೇರಿಸಿದರು. "ಅದೂ ಪಾಠದಲ್ಲಿತ್ತು" ಎಂದರು ಟೀಚರಮ್ಮ. ಅವರಿಗೆ ಈಗ ರುಚಿ ಹತ್ತಿತ್ತು. ಅಧಿಕಾರಿ ಎಲ್ಲವನ್ನೂ ಆಲಿಸಿ ಫೈಲಿನಲ್ಲಿ "ತೇಲುವ ಅರಮನೆ" ಎಂದು ಬರೆದುಕೊಂಡರು.

ಅತ್ತೆ ಇಷ್ಟು ಹೊತ್ತೂ ಸುಮ್ಮನೆ ಕೂತಿದ್ದವರು, "ನೀವು ಊಟ ಮಾಡಿದ್ರಾ?" ಎಂದು ಕೇಳಿದರು.

"ಆಮೇಲೆ ಮಾಡ್ತೀನಮ್ಮ."

"ಮನೇಲಿ ಯಾರ್ಯಾರಿದ್ದಾರೆ?"

ಅಧಿಕಾರಿ ಸ್ವಲ್ಪ ಯೋಚಿಸಿ, "ನಾನೂ, ಫ್ಯಾನೂ" ಎಂದರು. ತಮಾಷೆಗೆ ಹೇಳಿದ್ದೆಂದು ತಿಳಿದು ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗದೆ, ಮಗಳನ್ನು ಕರೆದು ತಟ್ಟೆ ಹಾಕಲು ಹೇಳಿದರು.

ಊಟ ಮುಗಿಸಿ ಎದ್ದ ಅಧಿಕಾರಿ ಸಿಡಿಲಿನಂಥ ಸುದ್ದಿ ಕೊಟ್ಟರು. ಮುಂದಿನ ಭಾನುವಾರ ಪುರಭವನದಲ್ಲಿ ಮೂಲ ತಂಬೋಲದ ಪ್ರದರ್ಶನ. ಕೂಗುವವರು ಅಮ್ಮನವರೇ. ಬಹುಮಾನವೂ ಪದ್ಧತಿಯಂತೆ ಆ ಕುರ್ಚಿಯೇ.

ಅವರು ಮೆಟ್ಟಿಲು ಇಳಿದದ್ದೇ ತಡ, ಹೆಂಡತಿ ಅಳಿಯಂದಿರನ್ನು ಅಡುಗೆಮನೆಗೆ ಕರೆದಳು. "ಅಮ್ಮನ ಮಾನ ಉಳಿಸೋಕೆ ಹೋಗಿ ಊರ ಮುಂದೆ ಹರಾಜಿಗಿಟ್ರಲ್ಲ ರೀ. ಇಲ್ಲಿ ನಾವು ನಾವೇ ಸುಮ್ನಿರ್ತೀವಿ. ಅಲ್ಲಿ ನಾಲ್ಕು ಜನ ನಕ್ಕರೆ ಅವಳು ಮತ್ತೆ ಆ ಚೀಲ ಮುಟ್ತಾಳಾ?"

ಅಳಿಯಂದಿರು ಅತ್ತೆಯ ಬಳಿ ಹೋಗಿ, ಪುರಭವನದಲ್ಲಿ ಗಾಳಿ ಸರಿ ಇಲ್ಲ, ಮೈಕು ಹಾಳು, ಮೆಟ್ಟಿಲು ಎತ್ತರ ಎಂದೆಲ್ಲ ಹೇಳಿ ನೋಡಿದರು. ಅತ್ತೆ, "ಹೋಗೋಣ ಬಿಡಿ ಅಳಿಯಂದ್ರೇ. ಮೂಲ ಆಟ ಅಂತ ನೀವೇ ಹೇಳಿದ್ದೀರಲ್ಲ" ಎಂದು ಚೀಲದ ಬಾಯಿಗೆ ಹೊಸ ದಾರ ಪೋಣಿಸಲು ಕೂತರು.

ಆ ವಾರ ಅಳಿಯಂದಿರು ಕಚೇರಿಯಲ್ಲಿ ಒಬ್ಬರ ಕೊಡೆಯನ್ನು ಇನ್ನೊಬ್ಬರಿಗೆ, ಇನ್ನೊಬ್ಬರ ಹಲ್ಲಿನ ಸೆಟ್ಟನ್ನು ಮತ್ತೊಬ್ಬರಿಗೆ ಕೊಟ್ಟರು. ಭಾನುವಾರ ಬಂದೇ ಬಂತು.

ಪುರಭವನ ಕಿಕ್ಕಿರಿದಿತ್ತು. ಎಲ್ಲರ ಕೈಯಲ್ಲೂ ಇಲಾಖೆಯವರು ಅಚ್ಚು ಹಾಕಿಸಿದ ಹೊಸ ಕಾಗದದ ಟಿಕೆಟ್ಟು. ವೇದಿಕೆಯ ಮಧ್ಯೆ ಅತ್ತೆ, ಪಕ್ಕದಲ್ಲಿ ನೀರಿನ ಹೂಜಿ ಹಿಡಿದು ಅಳಿಯಂದಿರು, ಒಂದು ತುದಿಯಲ್ಲಿ ಹಾರ ಹಾಕಿಸಿಕೊಂಡ ಬೆತ್ತದ ಕುರ್ಚಿ, ಇನ್ನೊಂದು ತುದಿಯಲ್ಲಿ ಅಧಿಕಾರಿ. ಅವರೂ ಒಂದು ಟಿಕೆಟ್ಟನ್ನು ಶಾಲೆಯ ಹುಡುಗನ ಹಾಗೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದರು. ಭಾವ ಮೈಕು ಹಿಡಿದು ತೇಲುವ ಅರಮನೆಯ ವೈಭವವನ್ನು ವರ್ಣಿಸಿ, "ಇಲ್ಲಿ ಬಿಲ್ಲೆ ನೋಡಬಾರದು. ಕೂಗಿದ್ದೇ ಅಂಕಿ" ಎಂದು ಸಾರಿದರು. ಮೊದಲ ಸಾಲಿನಲ್ಲಿ ಕಟ್ಟಡದವರು ಉಸಿರು ಬಿಗಿಹಿಡಿದು ಕೂತಿದ್ದರು.

ಅತ್ತೆ ಬಿಲ್ಲೆ ತೆಗೆದರು. ಕನ್ನಡಕದ ಹತ್ತಿರ ಹಿಡಿದರು. ಸುಮ್ಮನಾದರು.

ಸಭೆ ಕಾಯಿತು. ಎಲ್ಲೋ ಒಬ್ಬರು ಕೆಮ್ಮಿದರು. ಹಿಂದಿನಿಂದ ಯಾರೋ "ಅಜ್ಜಿಗೆ ಕಾಣ್ತಿಲ್ಲ ಅನ್ಸುತ್ತೆ" ಎಂದದ್ದು ಕೇಳಿಸಿತು. ಅಳಿಯಂದಿರು ಬಗ್ಗಿ, "ಅತ್ತೆ, ಯಾವ್ದಾದ್ರೂ ಒಂದು ಹೇಳಿಬಿಡಿ. ಏನಾದ್ರೂ ನಡೆಯುತ್ತೆ" ಎಂದು ಪಿಸುಗುಟ್ಟಿದರು.

ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಅದಲ್ಲ ಅಳಿಯಂದ್ರೇ. ಇಲ್ಲಿ ಯಾರ ಟಿಕೆಟ್ನಲ್ಲಿ ಏನಿದೆ ಅಂತ ನಂಗೆ ಗೊತ್ತಿಲ್ಲ. ಯಾರನ್ನ ಗೆಲ್ಲಿಸ್ಲಿ?"

ಅಳಿಯಂದಿರು ಹೂಜಿ ಹಿಡಿದು ಹಾಗೇ ನಿಂತರು.

"ಮನೇಲಾದ್ರೆ ಎಲ್ಲರ ತಗಡೂ ಬಾಯಿಪಾಠ" ಎಂದು ಅತ್ತೆ ಮುಂದುವರಿಸಿದರು. "ನಿಮ್ಮ ಮಾವ ತಗಡು ಬರೆಯೋವಾಗ ಒಂದೊಂದು ಅಂಕಿನೂ ಓದಿ ಹೇಳ್ತಿದ್ದೋಳು ನಾನೇ ತಾನೆ? ಆ ವಾರ ಯಾರ ಮನಸ್ಸು ಸರಿ ಇಲ್ವೋ ಅವರದ್ದು ಕೂಗ್ತಿದ್ದೆ. ಇಲ್ಲಿ ನಂಗೆ ಮುಖಾನೂ ಕಾಣಲ್ಲ. ನೀವು ನೋಡಿ ಹೇಳಿ, ಯಾರು ಪಾಪ ಅನ್ನೋ ಹಾಗಿದ್ದಾರೆ?"

ಅಳಿಯಂದಿರ ಕಣ್ಣು ಮೊದಲ ಸಾಲಿಗೆ ಹೋಯಿತು. ಎದುರಿಗೇ ಇನ್ನೊಂದು ಅಂಗಡಿ ಬಂದ ಗಡಿಯಾರದವರು, ಬೆಕ್ಕು ಕಳೆದುಕೊಂಡ ಟೀಚರಮ್ಮ, ಕೆಲಸ ತಪ್ಪಿದ ಕಂಡಕ್ಟರ್, ಎಲ್ಲರೂ ಅತ್ತೆಗೆ ಗೊತ್ತಾಗಬಾರದೆಂದು ಬಾಯಿ ಬಿಗಿದು ಕೂತಿದ್ದರು. ಆಮೇಲೆ ಕಣ್ಣು ವೇದಿಕೆಯ ತುದಿಗೆ ಹೋಯಿತು.

"ಅತ್ತೆ, ಫ್ಯಾನಿನವರು" ಎಂದರು.

"ಹ್ಞಾಂ, ನೀರು ಕೊಡೋ ನೆಪದಲ್ಲಿ ಹೋಗಿ ಓದ್ಕೊಂಡು ಬನ್ನಿ" ಎಂದರು ಅತ್ತೆ.

ಆಮೇಲೆ ನಡೆದದ್ದನ್ನು ಆ ಸಭೆ ಮೂಲ ಆಟದ ಒಂದು ವಿಧಿಯೆಂದೇ ತಿಳಿಯಿತು. ಅಳಿಯಂದಿರು ಗಂಭೀರವಾಗಿ ನಡೆದು ಹೋಗಿ ಅಧಿಕಾರಿಗೆ ಒಂದು ಲೋಟ ನೀರು ಕೊಡುವರು, ವಾಪಸು ಬಂದು ಅತ್ತೆಯ ಕಿವಿಯ ಬಳಿ ಬಗ್ಗುವರು, ಅತ್ತೆ ಅಂಕಿ ಕೂಗುವರು. ಅಳಿಯಂದಿರ ತಲೆಯಲ್ಲಿ ಒಂದು ಸಲಕ್ಕೆ ಎರಡು ಅಂಕಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಹೀಗಾಗಿ ಎರಡೆರಡು ಅಂಕಿಗೊಂದು ಲೋಟ. ದಾಕ್ಷಿಣ್ಯದ ಮನುಷ್ಯ ಅಧಿಕಾರಿ, ಕೊಟ್ಟ ನೀರನ್ನೆಲ್ಲ ಕುಡಿದರು. ಬೇರೆಯವರು ಅನುಮಾನ ಪಡದಿರಲಿ ಎಂದು ಅತ್ತೆ ನಡುನಡುವೆ ತಮ್ಮ ಕಡೆಯಿಂದಲೂ ಒಂದಷ್ಟು ಅಂಕಿ ಸೇರಿಸುತ್ತಿದ್ದರು. ಭಾವ ಮೈಕಿನಲ್ಲಿ, "ಹಡಗಿನಲ್ಲಿ ಸಿಹಿನೀರಿಗೆ ಬಹಳ ಬೆಲೆ" ಎಂದು ವಿವರಣೆ ಕೊಟ್ಟರು.

ಹೂಜಿ ಬರಿದಾಗುವ ಹೊತ್ತಿಗೆ ಅಧಿಕಾರಿ ಎದ್ದು ನಿಂತರು. ಟಿಕೆಟ್ಟನ್ನು ಇನ್ನೊಮ್ಮೆ ನೋಡಿಕೊಂಡರು. "ನಂಗೆ ಇವತ್ತಿನವರೆಗೆ ಏನೂ ಬಂದಿಲ್ಲ. ಯಾವುದರಲ್ಲೂ" ಎಂದು ಯಾರಿಗೋ ಸಮಜಾಯಿಷಿ ಕೊಡುವಂತೆ ಹೇಳಿ, ಕೊನೆಗೆ ಸಣ್ಣ ದನಿಯಲ್ಲಿ, "ಮನೆ ತುಂಬಿತು" ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರು ಕೈ ಮುಗಿದು, ಕುರ್ಚಿಯನ್ನು ಮುಟ್ಟಿ ನೋಡಿ, ತುರ್ತಾಗಿ ವೇದಿಕೆಯ ಹಿಂದಕ್ಕೆ ಓಡಿದರು. ಅಷ್ಟು ನೀರು ಕುಡಿದಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಳಿಯಂದಿರು ಅತ್ತೆಯ ಪಕ್ಕ ಕೂತರು. "ನಾವೆಲ್ಲ ಮುಚ್ಚಿಟ್ಟಿದ್ದು ನಿಮಗೆ ಗೊತ್ತಿತ್ತಾ?"

"ಟೀಚರಮ್ಮನ ಕಾಲು ತುಳಿದ್ರಲ್ಲ, ಆವತ್ತೇ ಗೊತ್ತಾಯ್ತು. ಕಣ್ಣು ತಾನೆ ಹೋಗಿದ್ದು, ಕಿವಿ ಇದೆಯಲ್ಲ. ಅಷ್ಟು ಪ್ರೀತಿಯಿಂದ ಮುಚ್ಚಿಡ್ತಿದ್ದೀರಿ, ನಂಗೊತ್ತು ಅಂದ್ರೆ ನಿಮಗೆಲ್ಲ ಬೇಜಾರಾಗಲ್ವಾ?"

"ಹಾಗಾದ್ರೆ ನಮ್ಮ ತಗಡು ಒಂದು ಸಲಾನೂ ತುಂಬಲಿಲ್ಲವಲ್ಲ ಅತ್ತೆ" ಎಂದು ಅಳಿಯಂದಿರು ಮೆಲ್ಲಗೆ ಕೇಳಿದರು.

ಅತ್ತೆ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಆ ಕುರ್ಚಿ ಮನೇಲಿ ಖಾಲಿ ಬಿದ್ದಿದ್ರೆ ನನ್ನ ಕೈಲಿ ಆಗಲ್ಲ ಅಳಿಯಂದ್ರೇ. ಅದಕ್ಕೇ ಯಾರ ಮನೆಗಾದ್ರೂ ಕಳಿಸ್ತಿದ್ದೆ. ಬೇರೆಯವರ ಕಷ್ಟಕ್ಕಾದ್ರೂ ಆಗಲಿ ಅಂತ."

ಅಳಿಯಂದಿರು ಇಳಿಯುವಾಗ ಕೊಡೆ ಮರೆತು ಬಂದರು.

ಮುಂದಿನ ಭಾನುವಾರ ಅಧಿಕಾರಿ ಕುರ್ಚಿಯನ್ನು ತಾವೇ ಹೊತ್ತು ತಂದರು. ಹೋಗುವ ಆತುರ ತೋರಿಸಲಿಲ್ಲ. ಅಳಿಯಂದಿರು ಅವರಿಗೂ ಒಂದು ತಗಡು ಬರೆದಿಟ್ಟಿದ್ದರು. ಅಕ್ಷರ ಸೊಟ್ಟ, ಅಂಕಿ ಸೊಟ್ಟ, ಆದರೆ ಬರೆಯುವಾಗ ಅತ್ತೆಗೆ ಒಂದೊಂದನ್ನೂ ಗಟ್ಟಿಯಾಗಿ ಓದಿ ಹೇಳಿದ್ದರು. ಅಧಿಕಾರಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಜಾರದಲ್ಲಿ ಜಾಗ ಮಾಡಿಕೊಂಡು ಕೂತರು.

ಅತ್ತೆ ಕೂಗತೊಡಗಿದರು. ಐದು. ಅಳಿಯಂದಿರ ತಗಡಿನಲ್ಲಿತ್ತು. ಮೂವತ್ತೆಂಟು. ಅದೂ ಇತ್ತು. ಗುಂಡಿಯ ಮೇಲೆ ಗುಂಡಿ ಬೀಳುತ್ತಾ ಹೋದಂತೆ, ವಿಷಯವೆಲ್ಲ ಗಂಡನಿಂದ ತಿಳಿದಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತು. "ರೀ, ಏನಾಗಿದೆ ನಿಮಗೆ? ಆಫೀಸಲ್ಲಿ ಏನಾದ್ರೂ ಆಯ್ತಾ? ನನ್ನ ಹತ್ರ ಮುಚ್ಚಿಡ್ಬೇಡಿ" ಎಂದು ತೋಳು ಹಿಡಿದು ಕೇಳಿದಳು. ಅಳಿಯಂದಿರಿಗೂ ಭಯವಾಯಿತು. ತಮಗೆ ಯಾವ ಕಷ್ಟ ಬಂದಿದೆಯೆಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೊನೆಯ ಗುಂಡಿ ಇಟ್ಟು, "ಮನೆ ತುಂಬಿತು" ಎನ್ನುವಾಗ ಅವರ ದನಿಯಲ್ಲಿ ನಡುಕವಿತ್ತು.

ಎಲ್ಲರೂ ಎದ್ದು ಹೋದರು. ಕುರ್ಚಿ ಮಾತ್ರ ಹೋಗಲಿಲ್ಲ. ಅದರ ಹಳೆಯ ಜಾಗದಲ್ಲಿ, ಕಿಟಕಿಯ ಪಕ್ಕದಲ್ಲಿ ಇತ್ತು.

"ಅತ್ತೆ, ನಂಗೇನೂ ತೊಂದರೆ ಇಲ್ಲ. ಚೆನ್ನಾಗೇ ಇದ್ದೀನಿ" ಎಂದರು ಅಳಿಯಂದಿರು.

"ಹಡಗು ಅಂತೆ, ಅರಮನೆ ಅಂತೆ. ನಂಗೋಸ್ಕರ ಎಷ್ಟೊಂದು ಸುಳ್ಳು ಹೇಳಿದ್ದೀರಿ" ಎಂದರು ಅತ್ತೆ. "ಅಭ್ಯಾಸ ಇಲ್ಲದ ಕೆಲಸ, ಸುಸ್ತಾಗಿರುತ್ತೆ. ಕೂತ್ಕೊಳ್ಳಿ. ನೀವಿದ್ರೆ ಅದು ಖಾಲಿ ಇರಲ್ಲ."

ಅಳಿಯಂದಿರು ಹೆದರಿಕೆಯಿಂದ ಕುರ್ಚಿಯ ಅಂಚಿನಲ್ಲಿ ಕೂತರು. ಕುರ್ಚಿ ಕಿರ್ ಎಂದಿತು. ಅತ್ತೆ ಬಿಲ್ಲೆಗಳನ್ನು ಚೀಲಕ್ಕೆ ತುಂಬುತ್ತಿದ್ದವರು ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಕಾದರು.

"ಸ್ವಲ್ಪ ಹಿಂದಕ್ಕೆ ಒರಗಿ ಅಳಿಯಂದ್ರೇ. ಇನ್ನೊಂದು ಸಲ ಕಿರ್ ಅನ್ನಬೇಕು" ಎಂದರು.

ಅಳಿಯಂದಿರು ಒರಗಿದರು.